ದುರ್ಗದ ಕೋಟೆಯಲ್ಲಿ ನೀರಿನ ದಾರಿ ಹಿಡಿದು

ಹೊಸಪೇಟೆಗೆ ಹೋಗುವಾಗಲೆಲ್ಲ ಚಿತ್ರದುರ್ಗವನ್ನು ಬೈಪಾಸ್‌ನಲ್ಲೇ ದಾಟಿಬಿಡುತ್ತಿದ್ದೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗೋದು ಕಂಡರೆ ದುರ್ಗ ಬಂತು ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಈ ಸಲ ಅಮ್ಮ ಜೊತೆಗಿದ್ದಳು. "ಓಬವ್ವನ ಕಿಂಡಿ ನೋಡದೆ ಮುಂದೆ ಹೋಗೋದು ಬೇಡ" ಅಂದಳು. ಮಾರ್ಚ್ ತಿಂಗಳ ಬಿಸಿಲು. ಬೆಳಗ್ಗೆ ಒಂಬತ್ತಕ್ಕೇ ಬಂಡೆ ಕಾದಿತ್ತು.

ಬಾಗಿಲ ಮೇಲೆ ಬಾಗಿಲು ದಾಟುತ್ತಾ ಹೋದೆವು. ಒಂದು ಬಾಗಿಲೂ ನೇರಕ್ಕಿಲ್ಲ. ಆನೆ ಓಡಿಬಂದು ಗುದ್ದೋಕೆ ಜಾಗವೇ ಸಿಗದ ಹಾಗೆ ದಾರಿ ತಿರುಗುತ್ತದೆ. ಸಿಡಿಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು, ಎಣ್ಣೆ ಕೊಳ, ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿ, ಎಲ್ಲವನ್ನೂ ನೋಡಿದೆವು. ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ನೀರಿನ ಬಗ್ಗೆ.

ಗೋಪಾಲಸ್ವಾಮಿ ಹೊಂಡದ ಹತ್ತಿರ ನೆರಳಲ್ಲಿ ಕೂತಿದ್ದ ಅಜ್ಜಿಯೊಬ್ಬರ ಜೊತೆ ಅಮ್ಮ ಮಾತಿಗೆ ಕೂತಳು. ಓಬವ್ವನ ಮಾತು ಬಂತು. ಅಜ್ಜಿ ಅಂದರು: "ನೀರು ತರಾಕೆ ಹೋಗಿದ್ದಕ್ಕೇ ಅಲ್ವೇನವ್ವ, ಅವಳ ಕಣ್ಣಿಗೆ ಅವರು ಬಿದ್ದಿದ್ದು."

ಈ ಕಥೆ ಶಾಲೆಯಿಂದಲೂ ಗೊತ್ತು. ಕಾವಲಿನ ಗಂಡ ಊಟಕ್ಕೆ ಬಂದ, ಕುಡಿಯೋಕೆ ನೀರಿರಲಿಲ್ಲ, ಓಬವ್ವ ಕೊಡ ಹಿಡಿದು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರೋದು ಕಂಡಳು. ನಾವು ಒನಕೆಯನ್ನು ನೆನಪಿಟ್ಟುಕೊಂಡೆವು, ಕೊಡವನ್ನು ಮರೆತೆವು. ಆ ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಅನ್ನೋ ನೀರಿನ ತಾಣ ಇದೆ. ಅಲ್ಲಿ ನಿಂತಾಗ ಈ ಮಾತು ತುಂಬಾ ಕಾಡಿತು.

ಇದು ಮಳೆ ಕಡಿಮೆ ಬೀಳುವ ಸೀಮೆ. ಇದೇ ಜಿಲ್ಲೆಯ ವಾಣಿ ವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಧ್ಯೆ 89 ವರ್ಷ! ಇಂಥ ಕಡೆ ಬೋಳು ಬಂಡೆಯ ಬೆಟ್ಟದ ಮೇಲೆ ಒಂದು ರಾಜ್ಯ ಬಾಳಿತು. ಸೈನಿಕರು, ಅವರ ಹೆಂಡತಿ ಮಕ್ಕಳು, ಆನೆ, ಕುದುರೆ, ದನ. ಎಲ್ಲರಿಗೂ ನೀರು ಬೇಕಲ್ವಾ?

ಅವರು ಬಂಡೆಯನ್ನೇ ಬಳಸಿಕೊಂಡರು. ಬಂಡೆ ನೀರು ಕುಡಿಯೋದಿಲ್ಲ. ಒಂದು ಒಳ್ಳೆ ಮಳೆ ಬಿದ್ದರೆ ಹೆಚ್ಚು ಪಾಲು ಜಾರಿ ಕೆಳಕ್ಕೆ ಬರುತ್ತದೆ. ಆ ನೀರು ಮೊದಲು ಗೋಪಾಲಸ್ವಾಮಿ ಹೊಂಡಕ್ಕೆ ಸೇರುತ್ತದೆ. ಅದು ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಕೆಳಗೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ. ಬೆಟ್ಟದ ಮೇಲಿನವರು ಕುಡಿದು ಮಿಕ್ಕಿದ್ದು ಬೆಟ್ಟದ ಕೆಳಗಿನವರಿಗೆ. ಪಂಪ್ ಇಲ್ಲ, ಪೈಪ್ ಇಲ್ಲ. ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ.

ಹೈದರಾಲಿ ಈ ಕೋಟೆಗೆ ಒಂದಲ್ಲ, ಹಲವು ಸಲ ಬಂದ. ಕೊನೆಗೆ 1779ರಲ್ಲಿ ಕೋಟೆ ಬಿತ್ತು, ಮದಕರಿ ನಾಯಕ ಸೆರೆಯಾದ. ಅಲ್ಲಿಯವರೆಗೆ ಇದನ್ನು ಕಾದದ್ದು ಗೋಡೆ ಮಾತ್ರ ಅಂತ ನನಗೆ ಅನ್ನಿಸೋದಿಲ್ಲ. ಮುತ್ತಿಗೆ ಬಿದ್ದಾಗ ಗೋಡೆ ಎಷ್ಟು ದಪ್ಪ ಇದ್ದರೇನು, ಒಳಗೆ ನೀರಿಲ್ಲದಿದ್ದರೆ ಒಂದು ವಾರಕ್ಕೇ ಬಾಗಿಲು ತೆಗೆಯಬೇಕು. ಕಾಲುವೆ ಕಡಿದ ಕೂಲಿಯವನೂ, ಹೂಳು ಎತ್ತಿದವನೂ ಈ ಕೋಟೆಯನ್ನು ಕಾದವರೇ.

ಅಕ್ಕ ತಂಗಿ ಹೊಂಡದ ದಂಡೆಯಲ್ಲಿ ಜಾಸ್ತಿ ಹೊತ್ತು ಕೂತೆವು. ಕೋಟೆ ಬಿದ್ದಾಗ ರಾಣಿಯರು ಈ ನೀರಿಗೆ ಹಾರಿದರು ಅಂತ ಜನ ಹೇಳುತ್ತಾರೆ. ಅಮ್ಮ ಕೈಮುಗಿದಳು. ಅಷ್ಟರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತೇಲುತ್ತಿದ್ದ ನೀರಿನ ಬಾಟಲಿಗಳು. ಚಿಪ್ಸ್ ಕವರುಗಳು. ಹತ್ತಿರದ ಬಂಡೆ ಮೇಲೆ ಯಾರದೋ ಹೆಸರು, ಹೃದಯದ ಗುರುತು. ನಿಜಕ್ಕೂ ಹೊಟ್ಟೆ ಉರಿಯಿತು. ಬೆಟ್ಟದ ಮೇಲೆ ಎಲ್ಲೇ ಕಸ ಹಾಕಿದರೂ ಮಳೆ ಬಂದಾಗ ಅದು ಹೊಂಡಕ್ಕೇ ಬರುತ್ತದೆ. ಈ ಕೋಟೆಯನ್ನು ಕಟ್ಟಿರೋದೇ ಹಾಗೆ.

ನನಗೆ ಒಂದು ಆಸೆ ಇದೆ. ಬತೇರಿ, ಬಾಗಿಲು, ಗುಡಿ ತೋರಿಸುವ ಹಾಗೆಯೇ ನೀರಿನ ದಾರಿಯನ್ನೂ ತೋರಿಸಬೇಕು. ಮೇಲಿನ ಹೊಂಡದಿಂದ ಸಂತೆ ಹೊಂಡದವರೆಗೆ ನಡೆಯೋಕೆ ಒಂದು ದಾರಿ, ಅಲ್ಲಲ್ಲಿ ಕನ್ನಡದಲ್ಲಿ ನಾಲ್ಕು ಸಾಲಿನ ಬೋರ್ಡು. ಶಾಲೆ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳು ಕಿಂಡಿ ಮುಂದೆ ಫೋಟೋ ತೆಗೆಸಿದ ಮೇಲೆ ಹತ್ತು ನಿಮಿಷ ಹೊಂಡದ ಹತ್ತಿರ ನಿಲ್ಲಿಸಲಿ. ಒಂದು ಲೋಟ ನೀರನ್ನು ಬಂಡೆ ಮೇಲೆ ಸುರಿದು ತೋರಿಸಿದರೂ ಸಾಕು, ಮಕ್ಕಳಿಗೆ ಅರ್ಥ ಆಗುತ್ತದೆ.

ಇಳಿದು ಬಂದ ಮೇಲೆ ಸಂತೆ ಹೊಂಡವನ್ನೂ ಹುಡುಕಿಕೊಂಡು ಹೋದೆವು. ಸುತ್ತ ಊರು ಬೆಳೆದಿದೆ. ಬೆಟ್ಟದಿಂದ ನೀರು ಯಾವ ಕಡೆಯಿಂದ ಬರುತ್ತಿತ್ತು ಅಂತ ಅಲ್ಲಿ ಇಬ್ಬರನ್ನು ಕೇಳಿದೆ. ಒಬ್ಬರು ಆ ಕಡೆ ಕೈ ತೋರಿಸಿದರು, ಇನ್ನೊಬ್ಬರು ಈ ಕಡೆ.

ದುರ್ಗದ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ಮಳೆಗಾಲದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ನೀರು ಕೆಳಕ್ಕೆ ಹೊರಟ ದಿನ ನನಗೊಂದು ಮೆಸೇಜ್ ಹಾಕಿ. ರಾತ್ರಿ ಬಸ್ಸಿಗಾದರೂ ಹತ್ತಿ ಬರುತ್ತೇನೆ. ಅಮ್ಮನೂ ಬರುತ್ತಾಳಂತೆ.