ನೆಟ್ಟಗಿನ ರಸ್ತೆ

ಬಸವನ ಬಾಗೇವಾಡಿಯ ಬೀಗರು ಎಳ್ಳಮಾವಾಸ್ಯೆಗೆ ಬರಲೇಬೇಕೆಂದು ಹಟ ಹಿಡಿದರು. ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಆಮೇಲೆ ಅಲ್ಲೇ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ ಎಂದೆಲ್ಲ ಮಗಳು ಫೋನಿನಲ್ಲಿ ವರ್ಣಿಸಿದ ಮೇಲೆ ಒಲ್ಲೆ ಎನ್ನುವ ಶಕ್ತಿ ನನಗೆ ಉಳಿಯಲಿಲ್ಲ. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಬಸ್ಸಿಗೆ ಹೋಗೋಣವೆಂದರೆ ಬೀಗರ ಮನೆಗೆ ಕಿತ್ತಳೆ, ಕಾಳುಮೆಣಸು, ಕಾಫಿಪುಡಿ ಹೊರಬೇಕು. ಹಾಗಾಗಿ ಕಾರೇ ಎಂದಾಯಿತು. ಸೋಮವಾರಪೇಟೆಯಿಂದ ಸುಮಾರು 600 ಕಿಲೋಮೀಟರ್. ಯಾವ ದಾರಿಯಲ್ಲಿ ಹೋಗುವುದು ಎಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿದ್ದು ಮಾತ್ರ ನನ್ನ ತಪ್ಪು.

ಜೊತೆಗೆ ಬರುವವರಿದ್ದ ಭಾವನ ಲೆಕ್ಕದಲ್ಲಿ ದಾರಿಗಳು ಎರಡೇ. ಒಂದು, ಶನಿವಾರಸಂತೆ, ಕೊಡ್ಲಿಪೇಟೆ ದಾಟಿ ಹಾಸನ, ಅರಸೀಕೆರೆ, ಹೊಸದುರ್ಗ, ಚಿತ್ರದುರ್ಗ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹೊಸಪೇಟೆ, ಕುಷ್ಟಗಿ, ಇಳಕಲ್, ನಿಡಗುಂದಿ. ಇನ್ನೊಂದು, ಘಾಟಿ ಇಳಿದು ಕರಾವಳಿಗೆ ಸೇರಿ, ಸಮುದ್ರದ ಪಕ್ಕದಲ್ಲೇ ಅಂಕೋಲೆಯವರೆಗೆ ಹೋಗಿ, ಮತ್ತೆ ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿ, ನರಗುಂದ, ಕೊಲ್ಹಾರ. ಎರಡನೆಯದು ಬಹಳ ಸುತ್ತು. ಆದರೂ ನನ್ನ ಮನಸ್ಸು ಅದರ ಕಡೆಗೇ ವಾಲುತ್ತಿತ್ತು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ.

ಭಾವ ಘಾಟಿ ಎಂದ ಕೂಡಲೇ ತಟ್ಟೆಯಿಂದ ಕೈ ತೆಗೆದರು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋದಾಗ ಅವರು ಸುಳ್ಯದಲ್ಲಿ ಸಿಕ್ಕಿಕೊಂಡಿದ್ದರು. ಚಳಿಗಾಲದಲ್ಲಿ ಗುಡ್ಡ ಯಾಕೆ ಕುಸಿಯುತ್ತದೆ, ಮಳೆ ಎಲ್ಲಿದೆ ಎಂದು ಕೇಳಿದೆ. "ಗುಡ್ಡಕ್ಕೆ ಪಂಚಾಂಗ ಗೊತ್ತಿದೆಯೇನೋ?" ಎಂದರು. ಇದಕ್ಕೆ ಉತ್ತರವಿಲ್ಲ.

ನನ್ನ ಹೆಂಡತಿಯದು ಬೇರೆಯೇ ನಕ್ಷೆ. ಅವಳಿಗೆ ಊರುಗಳು ಅಂಗಡಿಗಳ ರೂಪದಲ್ಲಿ ಕಾಣುತ್ತವೆ. ಮೊದಲ ದಾರಿಯಲ್ಲಿ ಇಳಕಲ್ ಸೀರೆ ಇದೆ, ಎರಡನೆಯದರಲ್ಲಿ ಕೊಲ್ಹಾರದ ಗಡಿಗೆ ಮೊಸರು. ಮೊಸರು ಎಷ್ಟು ಗಟ್ಟಿಯಾಗಿದ್ದರೂ ಸೀರೆಯ ಮುಂದೆ ನಿಲ್ಲುವುದುಂಟೇ? "ನೀವು ಎಲ್ಲಿಂದ ಬೇಕಾದರೂ ಕರೆದುಕೊಂಡು ಹೋಗಿ, ಇಳಕಲ್ಲಿನ ಮೇಲೆ ಹೋದರೆ ಸಾಕು" ಎಂದು ನನಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಳು.

ಇನ್ನು ನನ್ನ ಗುಟ್ಟು. ನನಗೆ ನೆಟ್ಟಗಿನ ರಸ್ತೆ ಎಂದರೆ ಭಯ. ಹೇಳಿದರೆ ಬಯಲು ಸೀಮೆಯವರು ನಗುತ್ತಾರೆ. ನಾನು ಕಾರು ಕಲಿತದ್ದು ಹಟ್ಟಿಹೊಳೆ, ಮಾದಾಪುರದ ತಿರುವುಗಳಲ್ಲಿ. ನಮ್ಮಲ್ಲಿ ರಸ್ತೆ ಚಾಲಕನಿಗೆ ಸದಾ ಏನಾದರೊಂದು ಕೆಲಸ ಹಚ್ಚಿರುತ್ತದೆ: ಹಾರನ್ ಹಾಕು, ಗೇರ್ ಇಳಿಸು, ಎದುರಿನ ಬಸ್ಸಿಗೆ ದಾರಿ ಬಿಡಲು ಚರಂಡಿಯ ಅಂಚಿಗೆ ಸರಿ, ಒದ್ದೆ ಎಲೆಯ ಮೇಲೆ ಬ್ರೇಕ್ ತುಳಿಯಬೇಡ. ಡಿಸೆಂಬರಿನ ಬೆಳಗಿನ ಮಂಜಿನಲ್ಲಿ ಹತ್ತು ಮಾರು ಮುಂದಿನದು ಕಾಣದಿದ್ದರೂ ನಾನು ಹೆದರುವವನಲ್ಲ. ಕಿಟಕಿ ಇಳಿಸಿ, ದೀಪ ತಗ್ಗಿಸಿ, ಕಿವಿಯಿಂದಲೇ ಓಡಿಸುತ್ತೇನೆ. ಆದರೆ ಚಿತ್ರದುರ್ಗ ದಾಟಿದ ಮೇಲಿನ ಚತುಷ್ಪಥವಿದೆಯಲ್ಲ, ಅಲ್ಲಿ ರಸ್ತೆ ನನ್ನನ್ನು ಏನೂ ಕೇಳುವುದಿಲ್ಲ. ಅರ್ಧ ಗಂಟೆಯಾದರೂ ಸ್ಟೀರಿಂಗ್ ಅಲ್ಲಾಡುವುದಿಲ್ಲ. ಕೈಗೆ ಕೆಲಸ ತಪ್ಪಿತೆಂದು ತಿಳಿದ ಕೂಡಲೇ ಕಣ್ಣು ರಜೆ ಕೇಳುತ್ತದೆ. ಹಿಂದೊಮ್ಮೆ ಕೂಡ್ಲಿಗಿಯ ಹತ್ತಿರ ಹಾಡುಹಗಲಲ್ಲಿ ರೆಪ್ಪೆ ಮುಚ್ಚಿ, ಚಕ್ರ ಮಣ್ಣಿಗಿಳಿದ ಸದ್ದಿಗೆ ಎಚ್ಚರವಾಗಿತ್ತು. ಅಂದು ಜೊತೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮನೆಯಲ್ಲಿ ಅದು ಸುದ್ದಿಯಾಗಲಿಲ್ಲ. ಕರಾವಳಿಯ ಸುತ್ತು ದಾರಿಯ ಮೇಲೆ ನನ್ನ ಪ್ರೀತಿಗೆ ಸಮುದ್ರ ಕಾರಣವಲ್ಲ, ಎರಡೆರಡು ಘಾಟಿಗಳು ಕಾರಣ.

ಚಳಿಗಾಲದ ಹಗಲಿನದೂ ಒಂದು ತಕರಾರು. ಮಂಜು ಎದ್ದ ಮೇಲೆ ಹೊರಡೋಣವೆಂದರೆ ಎಂಟು ಗಂಟೆ. ಸಂಜೆ ಆರಕ್ಕೆಲ್ಲ ಮುಳುಗುವ ಸೂರ್ಯ. ಅತ್ತ ಕೃಷ್ಣೆಯ ಸೀಮೆಯಲ್ಲಿ ಅದು ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ತೆವಳುತ್ತಿರುತ್ತವೆ. ಅಮಾವಾಸ್ಯೆಯ ಹಿಂದಿನ ರಾತ್ರಿ ಬೆಳದಿಂಗಳನ್ನು ನಂಬುವಂತಿಲ್ಲ. ಹೊಸಪೇಟೆಯಲ್ಲಿ ತಂಗಿ, ಮರುದಿನ ಬೆಳಕಿನಲ್ಲೇ ಕೃಷ್ಣೆ ದಾಟುವುದು ಎಂದು ಭಾವ ತೀರ್ಪು ಕೊಟ್ಟರು. ಅಂದರೆ ಮೊದಲ ದಾರಿಯೇ. ನನಗೆ ನಿದ್ದೆ ಬಾರದಂತೆ ಮಾತಾಡಿಸುವ ಹೊಣೆಯನ್ನೂ ಅವರೇ ಹೊತ್ತರು.

ಹೊರಡುವ ಹಿಂದಿನ ಸಂಜೆ ಮೋಡ ಕವಿಯಿತು. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತು, ಕಣದ ತುಂಬ ಕಾಫಿ. ಟಾರ್ಪಾಲು ಹೊದಿಸಿ, ಪಕ್ಕದ ತೋಟದವರಿಗೆ ಮೂರು ಸಲ ಹೇಳಿ, ನಾಲ್ಕನೆಯ ಸಲ ಹೇಳಲು ಹೋದಾಗ ಅವರು ಬಾಗಿಲು ತೆರೆಯಲಿಲ್ಲ. ಮಳೆ ಬರಲಿಲ್ಲ. ಬೆಳಿಗ್ಗೆ ಮಂಜಿನಲ್ಲೇ ಹೊರಟೆವು.

ಅರಸೀಕೆರೆ ದಾಟಿ ಒಳರಸ್ತೆಗೆ ಬಿದ್ದಾಗ ಬೇರೆಯವರ ಕಣ ಎದುರಾಯಿತು. ರಸ್ತೆಯುದ್ದಕ್ಕೂ ರಾಗಿ ತೆನೆ ಹರಡಿದ್ದರು, ಚಕ್ರ ಹತ್ತಿ ಉದುರಲೆಂದು. ನನ್ನ ಕಾಫಿ ಕಣಕ್ಕೆ ಚಪ್ಪಲಿ ಕಾಲಿನಲ್ಲಿ ಯಾರಾದರೂ ಬಂದರೆ ಗದರುವ ನಾನು ಕಾರು ನಿಲ್ಲಿಸಿಬಿಟ್ಟೆ. ಅಂಚಿನಲ್ಲಿ ಕುಳಿತಿದ್ದ ಅಜ್ಜಿ ಬಾ ಬಾ ಎಂದು ಕೈಬೀಸಿದರು. ನನ್ನ ಸಂಕೋಚದಿಂದ ಅವರ ಒಕ್ಕಣೆ ನಿಂತಿತ್ತು. ಮುಂದಿನ ಊರಿನಲ್ಲಿ ಹುರುಳಿ. ಅದರ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದುಂಟೆಂದು ಕೇಳಿದ್ದೆ, ಅದಕ್ಕೆ ಬದಿಯಲ್ಲಿ ಹಾದೆ. ಆ ಒಂದೆರಡು ಗಂಟೆ ನನ್ನ ಕೈಗೆ ಬಿಡುವಿರಲಿಲ್ಲ. ಸಂಪಾಜೆಯಷ್ಟೇ ಸುಖವಾಗಿತ್ತು.

ಚಿತ್ರದುರ್ಗದ ಕೋಟೆ ಹಿಂದೆ ಸರಿದು ನೆಟ್ಟಗಿನ ರಸ್ತೆ ಶುರುವಾದ ಕಾಲು ಗಂಟೆಯಲ್ಲಿ ಮಾತಿನ ಹೊಣೆ ಹೊತ್ತ ಭಾವ ಗೊರಕೆ ತೆಗೆದರು. ಬಡಗಣಕ್ಕೆ ಹೋಗುವ ಗಾಡಿಗೆ ಮಧ್ಯಾಹ್ನದ ಮೇಲೆ ಬಿಸಿಲು ಎಡಗಡೆಗೆ. ಎಡಗಡೆ ಕುಳಿತಿದ್ದ ನನ್ನ ಹೆಂಡತಿ ಸುಡುವ ಬಿಸಿಲಿನ ಬಗ್ಗೆ, ಆ ಸೀಟನ್ನು ತನಗೇ ಕೊಟ್ಟ ನನ್ನ ಬಗ್ಗೆ, ನಮ್ಮ ಮದುವೆಯಾದಂದಿನಿಂದ ಇಂಥವೇ ನಡೆದ ಬಗ್ಗೆ ಹೊಸಪೇಟೆಯವರೆಗೆ ಎಡೆಬಿಡದೆ ಹೇಳಿದಳು. ಒಂದು ಆಕಳಿಕೆಯೂ ಬರಲಿಲ್ಲ. ಇಳಕಲ್ಲಿನಲ್ಲಿ ಮಾರನೆಯ ದಿನ ಎರಡು ಸೀರೆ ಕೊಡಿಸಿದೆ.

ಬಾಗೇವಾಡಿಯಲ್ಲಿ ಕಾರು ನಿಲ್ಲಿಸಿದಾಗ ಬೀಗರು ಕಾಲಿಗೆ ನೀರು ಕೊಟ್ಟು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಚಕ್ರದ ಬಳಿ ಬಗ್ಗಿ ಏನನ್ನೋ ಎಳೆದು ತೆಗೆದರು. ಬೆಳಕಿಗೆ ಹಿಡಿದು ನೋಡಿದರು.

"ರಾಗಿ ಹುಲ್ಲು" ಎಂದರು. "ಅರಸೀಕೆರೆ ಮೇಲೆ ಬಂದಿರೇನು?"