ಕರಡು ಮಾನದಂಡ ನಂಬಿ ಕಂಪನಿಗಳು ಸರಕು ಬಿಡುವುದನ್ನು ತಡೆಯಬೇಕೇ?

ಪರ: ಒಮ್ಮೆ ಬಿಟ್ಟರೆ ಮುಗಿಯಿತು

ಎಲ್ಲ ಕಂಪನಿಗಳ ಸರಕೂ ಒಂದಕ್ಕೊಂದು ಹೊಂದಲಿ ಎಂದು ಸಮಿತಿ ಬರೆಯುವ ನಿಯಮವೇ ಮಾನದಂಡ. ಅದರ ಕರಡು ಇರುವುದೇ ತಿದ್ದಲಿಕ್ಕೆ. ಅದನ್ನೇ ನಂಬಿ ಕಂಪನಿ ಸರಕು ಮಾರಿಬಿಟ್ಟರೆ ಆಮೇಲೆ ತಿದ್ದುವುದು ಹೇಗೆ? ‘ಇಲ್ಲೊಂದು ತಪ್ಪಿದೆ’ ಎಂದು ಸಮಿತಿಯಲ್ಲಿ ಯಾರಾದರೂ ಬಾಯಿ ತೆರೆದರೆ, ‘ಆಗಲೇ ಜನರ ಕೈ ಸೇರಿದೆಯಲ್ಲ’ ಎಂಬ ಉತ್ತರ ರೆಡಿ. ವೆಬ್ ಪುಟದಲ್ಲಿ ಚಿತ್ರ ತೋರಿಸಲು 1993ರಲ್ಲಿ ಮೊಸಾಯಿಕ್ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್ ‘ಐಎಂಜಿ’ ಟ್ಯಾಗ್ (ಪುಟದ ಕೋಡಿನಲ್ಲಿ ಬರೆಯುವ ಗುರುತು) ಸೂಚಿಸಿದರು. ಬೇರೆಯವರು ಬೇರೆ ದಾರಿಗಳನ್ನೂ ಹೇಳಿದರು. ಯಾರೂ ಒಮ್ಮತಕ್ಕೆ ಬರುವ ಮೊದಲೇ ಮೊಸಾಯಿಕ್ ‘ಐಎಂಜಿ’ಯನ್ನು ಹೊತ್ತು ಬಂತು. ಇವತ್ತಿಗೂ ಅದೇ ಗತಿ.

ವೆಬ್ ಪುಟದ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್ ಭಾಷೆಯದೂ ಇದೇ ಕಥೆ. ಇನ್ನೂ ಪ್ರಯೋಗದಲ್ಲಿದ್ದ ಸೌಲಭ್ಯಗಳಿಗೆ ಬ್ರೌಸರ್‌ಗಳು ಹೆಸರಿನ ಮುಂದೆ ತಮ್ಮದೇ ಗುರುತು, ಅಂದರೆ ಪ್ರಿಫಿಕ್ಸ್, ಸೇರಿಸುತ್ತಿದ್ದವು. ಸಫಾರಿ, ಕ್ರೋಮ್‌ನದು ‘ವೆಬ್‌ಕಿಟ್’. ಆಗ ನಾನು ಮೈಸೂರಿನ ಒಂದು ಲಾಡ್ಜಿನ ಸೈಟ್ ನೋಡಿಕೊಳ್ಳುತ್ತಿದ್ದೆ. ದಸರಾ ಹತ್ತಿರ ಬಂದಾಗ ಮಾಲೀಕರ ಫೋನ್: ‘ಬುಕ್ ಮಾಡೋ ಬಟನ್ನೇ ಇಲ್ವಂತಲ್ಲ ಸ್ವಾಮಿ!’ ಬಟನ್ ಇತ್ತು. ಹಿಂದೆ ಸೈಟ್ ಮಾಡಿದವರು ಅದರ ಹಿನ್ನೆಲೆ ಬಣ್ಣವನ್ನು ವೆಬ್‌ಕಿಟ್ ಸಾಲಿನಲ್ಲಿ ಮಾತ್ರ ಬರೆದಿದ್ದರು. ಫೈರ್‌ಫಾಕ್ಸ್‌ನಲ್ಲಿ ಆ ಬಣ್ಣ ಮೂಡದೆ ಬಿಳಿ ಮೇಲೆ ಬಿಳಿ ಅಕ್ಷರ ಕೂತಿತ್ತು. ಬೈಸಿಕೊಂಡಿದ್ದು ಯಾರು? ಫೈರ್‌ಫಾಕ್ಸ್! ಕೊನೆಗೆ 2016ರಲ್ಲಿ ಅದೂ ಸೋತು ವೆಬ್‌ಕಿಟ್ ಹೆಸರುಗಳನ್ನು ಒಪ್ಪಿಕೊಂಡಿತು. ಪ್ರಯೋಗ ಬೇಡವೇ ಎಂದು ಎದುರಿನವರು ಕೇಳಬಹುದು. ಧಾರಾಳವಾಗಿ ಮಾಡಲಿ, ಲ್ಯಾಬಿನಲ್ಲಿ. ಗಿರಾಕಿಯ ಮೊಬೈಲಿನಲ್ಲಿ ಯಾಕೆ?

ವಿರೋಧ: ಓಡಿಸಿ ನೋಡದೆ ಗೊತ್ತಾಗುವುದು ಹೇಗೆ?

ಈ ಪಕ್ಷ ನನ್ನ ಪಾಲಿಗೆ ಬಂದಿದೆ, ಇರಲಿ, ವಾದಿಸುತ್ತೇನೆ. ಮೇಲಿನವರ ಮಾತು ಕೇಳಿದರೆ ಎಂಜಿನಿಯರ್‌ಗಳೆಲ್ಲ ಸಮಿತಿಯ ಬಾಗಿಲಲ್ಲಿ ಕೈಕಟ್ಟಿ ಕೂರಬೇಕು ಅಂತಾಯಿತು. ಬ್ರೌಸರ್ ಮತ್ತು ಸರ್ವರ್ ನಡುವೆ ಸಂಪರ್ಕ ತೆರೆದಿಟ್ಟು ಮಾತಾಡಿಸುವ ವೆಬ್‌ಸಾಕೆಟ್ ಕರಡಾಗಿದ್ದಾಗಲೇ ಬ್ರೌಸರ್‌ಗಳಲ್ಲಿ ಬಂದಿತ್ತು. 2010ರ ಕೊನೆಯಲ್ಲಿ ಆ ಕರಡಿನಲ್ಲಿ ಭದ್ರತೆಯ ತೂತು ಕಂಡಿತು. ಫೈರ್‌ಫಾಕ್ಸ್, ಒಪೆರಾ ಅದನ್ನು ಆಫ್ ಮಾಡಿದವು, ಕರಡು ಬದಲಾಯಿತು, 2011ರ ಡಿಸೆಂಬರಿನಲ್ಲಿ ಅಂತಿಮ ರೂಪ ಬಂತು. ಸರಕು ಬಿಟ್ಟ ಮೇಲೆ ತಿದ್ದಲು ಆಗುವುದೇ ಇಲ್ಲ ಅನ್ನುವುದು ಜಾಸ್ತಿಯಾಯಿತು ಅಲ್ವಾ?

ಮಂಡ್ಯದಲ್ಲಿ ನಮ್ಮ ಭಾವ ಸೈಬರ್ ಸೆಂಟರ್ ಇಟ್ಟಿದ್ದರು. 2008ರಲ್ಲಿ ಒಂದು ವೈ-ಫೈ ರೂಟರ್ ತಂದರು, ಡಬ್ಬದ ಮೇಲೆ ‘ಡ್ರಾಫ್ಟ್ ಎನ್’ ಅಂತ ಬರೆದಿತ್ತು. ಆ ‘ಎನ್’, ಅಂದರೆ ವೈ-ಫೈನ 802.11ಎನ್ ಮಾನದಂಡ, ಅಂತಿಮವಾಗಿದ್ದು 2009ರಲ್ಲಿ. ಅಷ್ಟರೊಳಗೆ ಹಿಂದಿನ ರೂಮಿಗೂ ಸಿಗ್ನಲ್ ಸಿಗುತ್ತಿತ್ತು, ಮೇಲಿನ ಟೈಲರ್ ಕೂಡ ಪಾಸ್‌ವರ್ಡ್ ಕೇಳಿಕೊಂಡು ಬಂದಿದ್ದರು. ಅಕ್ಕ ಮಾತ್ರ ‘ಪೂರ್ತಿ ಆಗದ್ದನ್ನು ದುಡ್ಡು ಕೊಟ್ಟು ತಂದಿದ್ದಾರೆ’ ಅಂತ ಸುಮ್ನೆ ರೇಗಿಸುತ್ತಿದ್ದಳು. ಇಂಥ ಡಬ್ಬಗಳಿಗಾಗಿ ಮಾನದಂಡವೇ ಬಗ್ಗಬೇಕಾಯಿತೇ ಅಂದರೆ, ಅದು ಬೇರೆ ಚರ್ಚೆ. ಭಾವ ಅದನ್ನು ಬಹಳ ವರ್ಷ ಓಡಿಸಿದರು. ಅದು ಹಾಳಾಗಿದ್ದು ಸಿಡಿಲಿಗೆ.