ಸೆಪ್ಟೆಂಬರ್ 17ರ ಪರೇಡಿಗೆ ಯಾವ ಹಾಡು?

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ಕಲಬುರಗಿಯ ಸಾಲಿ ಮೈದಾನಗಳಲ್ಲಿ ಮುಂಜಾನೆ ಏಳಕ್ಕೇ ಸ್ಪೀಕರ್ ಹಚ್ಚುತ್ತಾರೆ. ಕಲ್ಯಾಣ ಕರ್ನಾಟಕ ಉತ್ಸವದ ಪಥಸಂಚಲನಕ್ಕೆ ತಾಲೀಮು. ಹಾಡು ಹೆಚ್ಚಿನ ಕಡೆ ಅದೇ: ‘ಕರ್ ಚಲೇ ಹಮ್ ಫಿದಾ’, ಇಲ್ಲವೆ ‘ಸಂದೇಸೆ ಆತೆ ಹೈಂ’. ಎರಡೂ ನನಗೆ ಪ್ರಾಣ. 1964ರ ‘ಹಕೀಕತ್’ಗೆ ಮದನ್ ಮೋಹನ್ ಕೊಟ್ಟಂಥ ಸಂಗೀತ ಆಮೇಲೆ ಯಾವ ಹಿಂದಿ ಯುದ್ಧಚಿತ್ರಕ್ಕೂ ಸಿಗಲಿಲ್ಲ ಎಂದೇ ನಂಬಿದ್ದೇನೆ. ನಮ್ಮ ‘ಮುತ್ತಿನ ಹಾರ’ದಲ್ಲಿ ಬಾಲಮುರಳಿಕೃಷ್ಣ ಹಾಡಿದ ‘ದೇವರು ಹೊಸೆದ ಪ್ರೇಮದ ದಾರ’ವೂ ಅದೇ ಎತ್ತರದ್ದು. ಆದರೆ ಇವೆಲ್ಲ ಕೂತು ಕೇಳುವ ಹಾಡುಗಳು. ದಯವಿಟ್ಟು ಇವಕ್ಕೆ ಮಕ್ಕಳನ್ನು ನಡೆಸಬೇಡಿ.

ಪರೇಡಿನ ಚುರುಕು ನಡಿಗೆ ‘ತೇಜ್ ಚಲ್’ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಅರ್ಧ ಸೆಕೆಂಡಿಗೆ ಒಂದು. ಹೆಜ್ಜೆಯ ಉದ್ದ 30 ಇಂಚು. ಐದು-ಆರನೇ ಇಯತ್ತೆಯ ಮಕ್ಕಳಿಗೆ ಅಷ್ಟು ಚಾಚಲು ಆಗುವುದಿಲ್ಲ; ಅವರಿಗೆ 24 ಇಂಚು, ನಿಮಿಷಕ್ಕೆ 110 ಹೆಜ್ಜೆ ಸಾಕು. ಹಾಡು ಹೊಂದುತ್ತದೋ ಇಲ್ಲವೋ ನೋಡಲು ಗಡಿಯಾರ ಹಿಡಿದು 15 ಸೆಕೆಂಡಿನ ಪೆಟ್ಟು ಎಣಿಸಿ. 30 ಬಂದರೆ ಸರಿ. 28, 29 ಬಂದರೆ ಶ್ರುತಿ ಏರಿಸದೆ ಬರೀ ವೇಗ ಹೆಚ್ಚಿಸುವ ಆ್ಯಪ್‌ನಲ್ಲಿ ಸರಿಪಡಿಸಬಹುದು. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಿದರೆ ಗಾಯಕರ ದನಿ ಕೆಡುತ್ತದೆ. ಇನ್ನು 15 ಬಂತು, ಹಾಗಾದರೆ ಪೆಟ್ಟಿಗೆ ಎರಡು ಹೆಜ್ಜೆ ಹಾಕಿಸೋಣ ಅನ್ನುವವರಿದ್ದಾರೆ. ಎರಡನೇ ಹೆಜ್ಜೆಗೆ ಪೆಟ್ಟೇ ಇರುವುದಿಲ್ಲವಲ್ಲ, ಮಕ್ಕಳು ಆ ಖಾಲಿ ಜಾಗದಲ್ಲಿ ಅವಸರ ಮಾಡುತ್ತಾರೆ. ವೇದಿಕೆ ಬರುವಷ್ಟರಲ್ಲಿ ಸಾಲು ಕಲಸಿ ಹೋಗಿರುತ್ತದೆ. ಸಿನಿಮಾ ಹಾಡಿನ ಶುರುವಿನ ಆಲಾಪವನ್ನೂ ಕತ್ತರಿಸಿ, ಅದರ ಜಾಗಕ್ಕೆ ಎಂಟು ಡ್ರಮ್ ಪೆಟ್ಟು ಹಾಕಿ.

ನಡೆಯಲಿಕ್ಕೆಂದೇ ಹುಟ್ಟಿದ ಹಾಡಿನ ಮೈಕಟ್ಟೇ ಬೇರೆ. ಆಜಾದ್ ಹಿಂದ್ ಫೌಜಿಗಾಗಿ ಕ್ಯಾಪ್ಟನ್ ರಾಮ್ ಸಿಂಗ್ ಠಾಕುರಿ ಸ್ವರ ಹಾಕಿದ ‘ಕದಂ ಕದಂ ಬಢಾಯೇ ಜಾ’ ತಗೊಳ್ಳಿ. ‘ಕ’ ಹಗುರ, ‘ದಂ’ ಭಾರ. ‘ಕ’ ಅನ್ನುವಾಗ ಕಾಲು ಗಾಳಿಯಲ್ಲಿ, ‘ದಂ’ ಅನ್ನುವಾಗ ನೆಲದ ಮೇಲೆ. ‘ಬಢಾ’, ‘ಯೇ ಜಾ’ ಕೂಡ ಹಾಗೆಯೇ. ಬ್ಯಾಂಡ್ ಇಲ್ಲದಿದ್ದರೂ ಬಾಯಿಯಲ್ಲೇ ಹಾಡಿಕೊಂಡು ಇಡೀ ತುಕಡಿ ನಡೆಯಬಹುದು. ಬ್ರಿಟಿಷರು ಇದನ್ನು ರಾಜದ್ರೋಹದ ಹಾಡೆಂದು ನಿಷೇಧಿಸಿದ್ದರು.

ಪರದೇಶದ್ದರಲ್ಲಿ ನನ್ನ ಮೊದಲ ಆಯ್ಕೆ ‘ಕರ್ನಲ್ ಬೋಗಿ’. 1914ರಲ್ಲಿ ಬ್ರಿಟಿಷ್ ಬ್ಯಾಂಡ್ ಮಾಸ್ಟರ್ ರಿಕೆಟ್ಸ್, ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ಬರೆದದ್ದು. 1957ರ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ನಲ್ಲಿ ಸೆರೆಯಾಳುಗಳು ಸಿಳ್ಳೆ ಹಾಕುತ್ತ ಶಿಬಿರದೊಳಗೆ ಬರುತ್ತಾರೆ. ಮೊದಲು ಬರೀ ಸಿಳ್ಳೆ ಮತ್ತು ಹರಿದ ಬೂಟಿನ ಸಪ್ಪಳ. ಆಮೇಲೆ ಚಿತ್ರದ ಸಂಗೀತ ನಿರ್ದೇಶಕ ಮಾಲ್ಕಮ್ ಆರ್ನಾಲ್ಡ್ ತಮ್ಮದೇ ಇನ್ನೊಂದು ಮಾರ್ಚನ್ನು ಅದರ ಜೊತೆಜೊತೆಗೇ ಹೆಣೆಯುತ್ತಾರೆ. ಎರಡು ರಾಗ, ಒಂದೇ ಹೆಜ್ಜೆ. ಸಂಗೀತ ಕಲಿಸುವವರು ಆ ದೃಶ್ಯವನ್ನು ಮಕ್ಕಳಿಗೆ ತೋರಿಸಲೇಬೇಕು.

ಇನ್ನು ಎಲ್ಲ ಮೈದಾನಗಳಲ್ಲೂ ಆಗುವ ತಪ್ಪಿಗೆ ಬರುತ್ತೇನೆ. ಹಿಂದಿನ ತಂಡಗಳ ಕಾಲು ತಪ್ಪುತ್ತದೆ, ಪಿ.ಟಿ. ಮಾಸ್ತರು ಮಕ್ಕಳನ್ನು ಬೈಯುತ್ತಾರೆ. ತಪ್ಪು ಮಕ್ಕಳದ್ದಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರಿನಿಂದ 170 ಮೀಟರ್ ಹಿಂದೆ ಇರುವ ತಂಡಕ್ಕೆ ಪೆಟ್ಟು ಅರ್ಧ ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಅಂದರೆ ಪೂರಾ ಒಂದು ಹೆಜ್ಜೆ. ಮುಂದಿನವರು ಬಲಗಾಲು ಇಡುವಾಗ ಇವರಿಗೆ ಎಡಗಾಲಿನ ಪೆಟ್ಟು ಕೇಳಿಸುತ್ತದೆ. ತಮಗೆ ಕೇಳಿದ್ದಕ್ಕೆ ಸರಿಯಾಗಿಯೇ ಅವರು ನಡೆಯುತ್ತಿರುತ್ತಾರೆ. ಮೈದಾನದ ಎರಡೂ ತುದಿಗೆ ಸ್ಪೀಕರ್ ಕಟ್ಟಿದರೆ ಇನ್ನೂ ಕೇಡು, ಸರಿ ನಟ್ಟನಡುವೆ ಇರುವವರನ್ನು ಬಿಟ್ಟು ಉಳಿದವರಿಗೆಲ್ಲ ಎರಡೆರಡು ಪೆಟ್ಟು. ಒಂದಕ್ಕೆ ವೈರ್, ಇನ್ನೊಂದಕ್ಕೆ ಬ್ಲೂಟೂತ್ ಹಾಕಿದರಂತೂ ಅಕ್ಕಪಕ್ಕ ಇಟ್ಟರೂ ಹೊಂದುವುದಿಲ್ಲ. ಬ್ಲೂಟೂತ್ ಯಾವಾಗಲೂ ಸ್ವಲ್ಪ ಹಿಂದೆ ಬೀಳುತ್ತದೆ.

ಸ್ಪೀಕರ್ ವೇದಿಕೆ ಹತ್ತಿರ ಒಂದೇ ಕಡೆ ಇರಲಿ. ದೂರದಲ್ಲಿರುವ ತಂಡಗಳು ಹಾಡಿಗೆ ಕಿವಿ ಕೊಡದೆ ತಮ್ಮ ನಾಯಕನ ‘ಏಕ್ ದೋ ಏಕ್’ಗೇ ನಡೆಯಲಿ. ವೇದಿಕೆಗೆ 30 ಮೀಟರ್ ಇದೆ ಅನ್ನುವಾಗ ನಾಯಕ ದೊಡ್ಡ ಡ್ರಮ್ಮಿಗೆ ಎಡಗಾಲು ಬೀಳುತ್ತಿದೆಯೇ ನೋಡಿ, ತಪ್ಪಿದ್ದರೆ ‘ಕದಂ ಬದಲ್’ (ಹೆಜ್ಜೆ ಬದಲಿಸಿ) ಹೇಳಿದರೆ ಸಾಕು. ಸ್ಪೀಕರ್ ಬಿಟ್ಟು ಡ್ರಮ್ ತಂಡವನ್ನೇ ಸಾಲಿನ ನಡುವೆ ನಡೆಸಿದರೆ ಎಲ್ಲಕ್ಕಿಂತ ಛಲೋ. ಮೊಹರಂ ಅಲಾಯಿ ಕುಣಿತದಲ್ಲಿ ಹಲಗೆಯವರು ಕುಣಿಯುವವರ ಪಕ್ಕದಲ್ಲೇ ಇರುತ್ತಾರೆ, ನೋಡಿದ್ದೀರಲ್ಲ. ಮಳೆಗಾಲದ ಎರೆಮಣ್ಣಿನ ಮೈದಾನದಲ್ಲಿ ಹತ್ತಿರದ ಡ್ರಮ್ ಇನ್ನೂ ಅವಶ್ಯ. ಬೂಟಿಗೆ ಕೆಸರು ಹತ್ತಿ ಹೆಜ್ಜೆಯ ಸಪ್ಪಳವೇ ಕೇಳುವುದಿಲ್ಲ.

ನಿಜಾಮರ ಆಳ್ವಿಕೆಯಿಂದ ನಮ್ಮ ವಿಮೋಚನೆಯಾದ ಈ ದಿನಕ್ಕೆ ಕನ್ನಡದ್ದೇ ಹಾಡು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕುವೆಂಪು ಅವರ ‘ನಡೆ ಮುಂದೆ ನಡೆ ಮುಂದೆ ನುಗ್ಗಿ ನಡೆ ಮುಂದೆ’ ಇರುವಾಗ ಬೇರೆ ಯಾಕೆ ಹುಡುಕಬೇಕು? ‘ನಡೆ ಮುಂದೆ’ಯಲ್ಲಿ ಐದು ಮಾತ್ರೆ, ಎರಡು ಕಾಲಿಗೆ ಐದು ಹೊಂದುವುದಿಲ್ಲ ಎಂದು ಕೆಲವರು ಕೈಬಿಡುತ್ತಾರೆ. ‘ಮುಂ’ ಅನ್ನು ನಾಲ್ಕು ಮಾತ್ರೆಗೆ, ‘ದೆ’ ಅನ್ನು ಎರಡಕ್ಕೆ ಎಳೆಯಿರಿ. ‘ನಡೆ’ ಸೇರಿ ಎಂಟಾಯಿತು. ‘ನಡೆ’ ಕಾಲು ಎತ್ತುವಾಗ, ‘ಮುಂ’ ಎಡಗಾಲಿಗೆ, ‘ದೆ’ ಬಲಗಾಲಿಗೆ. ‘ನುಗ್’ ಮತ್ತೆ ಎಡಕ್ಕೆ, ‘ಗಿ’ ಬಲಕ್ಕೆ. ಒಂದು ಸಾಲಿಗೆ ಸರಿಯಾಗಿ ಎಂಟು ಹೆಜ್ಜೆ. ದೊಡ್ಡ ಡ್ರಮ್ ‘ಮುಂ’ ಮತ್ತು ‘ನುಗ್’ ಮೇಲೆ ಜೋರಾಗಿ ಬೀಳಲಿ, ಸೈಡ್ ಡ್ರಮ್ ‘ನಡೆ’ಗೆ ಎರಡು ಸಣ್ಣ ಪೆಟ್ಟು ಕೊಡಲಿ. ಮಕ್ಕಳು ಎಡವುವುದು ಎರಡನೇ ಸಾಲಿನಲ್ಲಿ. ‘ಜಗ್ಗದೆಯೆ’ಗೆ ಮುಂಚೆ ‘ನಡೆ’ಯಂಥ ಎತ್ತುಗಡೆ ಇಲ್ಲ, ‘ಜಗ್’ ನೇರವಾಗಿ ಎಡಗಾಲಿಗೇ ಬರಬೇಕು. ಉಸಿರು ತಗೊಳ್ಳಲು ಅಲ್ಲಿ ನಿಂತರೆ ಪದವೆಲ್ಲ ಬಲಗಾಲಿಗೆ ಹೋಗುತ್ತದೆ. ಉಸಿರನ್ನು ‘ನುಗ್ಗಿ’ಗೆ ಮುಂಚೆಯೇ ತಗೊಳ್ಳಲು ಕಲಿಸಿ. ಮೊದಲ ವಾರ ನಿಂತಲ್ಲೇ ‘ಕದಂತಾಲ್’ನಲ್ಲಿ ಹಾಡಿಸಿ, ಆಮೇಲೆ ನಡೆಸಿ.